ಕಾಕನ ಸ್ವರದಲ್ಲಿ ಮರಳಿಸಿದ ಲೈನ್

ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ಕೈ ಹಾಕುವ ಮೊದಲು ಒಂದು ಫೋನ್ ಮಾಡಬೇಕು. ಸಬ್‌ಸ್ಟೇಷನ್ನಿನಲ್ಲಿ ಕೂತ ಆಪರೇಟರಿಗೆ ಲೈನ್‌ಮನ್ ತನ್ನ ಹೆಸರು, ಜಾಗ, ಮಾಡಲಿರುವ ಕೆಲಸ ಇಷ್ಟನ್ನೂ ಹೇಳಬೇಕು. ಆಪರೇಟರ್ ಆ ಲೈನನ್ನು ಆಫ್ ಮಾಡಿ ಒಂದು ನಂಬರ್ ಕೊಡುತ್ತಾನೆ. ಇದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ನಮ್ಮ ಬಾಯಲ್ಲಿ ಎಲ್.ಸಿ. ಆಮೇಲೆ ಕೆಲಸದ ಜಾಗದ ಎರಡೂ ಬದಿಗೆ ಅರ್ತ್ ರಾಡ್ ಸಿಕ್ಕಿಸಬೇಕು, ಅಂದರೆ ತಂತಿಯನ್ನು ಭೂಮಿಗೆ ಜೋಡಿಸುವ ಸರಳು. ಯಾರಾದರೂ ತಪ್ಪಿ ಕರೆಂಟ್ ಬಿಟ್ಟರೂ ಅದು ನೆಲಕ್ಕೆ ಹೋಗಲಿ ಎಂದು. ಕೆಲಸ ಆದ ಮೇಲೆ ರಾಡ್ ತೆಗೆದು, ಜನರನ್ನು ಎಣಿಸಿ, ಎಲ್.ಸಿ. ಪಡೆದವನೇ ಮತ್ತೆ ಫೋನ್ ಮಾಡಿ, ಅದೇ ನಂಬರ್ ಹೇಳಿ, ಮರಳಿಸಬೇಕು. ಪಡೆದವನೇ. ಅವನ ತಮ್ಮನಲ್ಲ, ಅವನ ದೋಸ್ತಿಯಲ್ಲ.

ಈ ಕೊನೆಯ ಮಾತನ್ನು ನನಗೆ ದಿನಕ್ಕೆ ಎರಡು ಸಲ ಹೇಳುತ್ತಿದ್ದವರು ನಮ್ಮ ಲೈನ್‌ಮನ್. ಬ್ಯಾರಿಗಳು, ಅಂದರೆ ನಮ್ಮ ಕರಾವಳಿಯ ಮುಸ್ಲಿಮರು, ಬಂಟ್ವಾಳದ ಕಡೆಯವರು, ನಿವೃತ್ತಿಗೆ ಎರಡು ವರ್ಷ ಉಳಿದವರು. ಗ್ಯಾಂಗಿನವರಿಗೆಲ್ಲ ಕಾಕ.

"ಕಂಬದ ಮೇಲಿಂದ ಬೊಬ್ಬೆ ಹಾಕಿದ್ದು ಲೆಕ್ಕಕ್ಕಿಲ್ಲ ಮಾರಾಯ. ಕೆಳಗೆ ಇಳೀಬೇಕು, ಎದುರು ಬಂದು ನಿಲ್ಬೇಕು, ಮುಖ ನೋಡಿ ಮುಗೀತು ಅಂತ ಹೇಳ್ಬೇಕು. ಅದು ರಿಟರ್ನ್."

ಮೂಗಿನಿಂದ ಹೊರಡುವ ಆ 'ಮಾರಾಯ'ದ ಸಮೇತ ಇದೇ ಮಾತನ್ನು ಅವರ ಸ್ವರದಲ್ಲಿ ನಾನು ಅವರಿಗೇ ತಿರುಗಿ ಹೇಳುತ್ತಿದ್ದೆ. ಅವರು ಸಣ್ಣ ಕಲ್ಲೊಂದನ್ನು ಹೆಕ್ಕಿ ನನ್ನ ಕಡೆ ಬಿಸಾಡುತ್ತಿದ್ದರು. ತಾಗದ ಹಾಗೆ.

ನಾನು ಮೂಡುಬಿದಿರೆ ಕಡೆಯ ಕೊಂಕಣಿ ಕ್ರಿಸ್ತುವ, ಗುತ್ತಿಗೆ ಗ್ಯಾಂಗಿನ ಆಳು. ಕಂಬ ಹತ್ತಲು ಬರುತ್ತದೆ, ಮರದ ಗೆಲ್ಲು ಕಡಿಯಲು ಬರುತ್ತದೆ. ಆದರೆ ಗ್ಯಾಂಗಿನಲ್ಲಿ ನನ್ನನ್ನು ಇಟ್ಟುಕೊಂಡದ್ದು ಬಾಯಿಗಾಗಿ ಎಂದು ನನ್ನ ಗುಮಾನಿ. ಬಿ.ಸಿ.ರೋಡಿನ ಬಸ್ ಕಂಡಕ್ಟರ್, ನಮ್ಮ ಸೆಕ್ಷನಿನ ಎಂಜಿನಿಯರ್ ಆದ ಜೆ.ಇ. ಸಾಹೇಬರು, ಚರ್ಚಿನಲ್ಲಿ ಕೆಮ್ಮಿ ಕೆಮ್ಮಿ ಪ್ರಕಟಣೆ ಓದುವ ನಮ್ಮ ವಾಡೆಯ ಮುಖಂಡ ಗುರ್ಕಾರರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದರು. ಮನೆಯ ಯಜಮಾನ ಮಾತ್ರ ಆ ಮನೆಯಲ್ಲಿ ಇರಲಿಲ್ಲ. ಶುಭ ಶುಕ್ರವಾರದ ಹಿಂದಿನ ವಾರ ಚರ್ಚಿನ ಅಂಗಳದಲ್ಲಿ ಆಡುವ ನಾಟಕದಲ್ಲಿ ಯೇಸುವಿನ ಶಿಷ್ಯ ತನ್ನ ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದ ಮೇಲೆ ಪರದೆಯ ಹಿಂದೆ ಕೋಳಿ ಕೂಗಬೇಕು. ಹತ್ತು ವರ್ಷದಿಂದ ಆ ಕೋಳಿ ನಾನೇ. ಒಂದು ವರ್ಷ ಎರಡನೆಯ ಸಲಕ್ಕೇ ಕೂಗಿ ಶಿಷ್ಯನ ಪಾತ್ರದವನಿಂದ ಪೆಟ್ಟು ತಿಂದದ್ದೂ ಉಂಟು.

ಯಾವ ಸೆಕ್ಷನ್, ಯಾವ ಫೀಡರ್ ಎಂದು ಬರೆಯುವುದಿಲ್ಲ. ಕಕ್ಕಿಂಜೆ ದಾಟಿ ನೆರಿಯದ ಕಡೆ, ಕಾಡಿನ ಅಂಚಿನಲ್ಲಿ ಹೋಗುವ ಒಂದು ಲೈನ್, ಅಷ್ಟು ಸಾಕು. ಮಳೆಗಾಲಕ್ಕೆ ಮೊದಲು ತಂತಿಗೆ ತಾಗುವ ಗೆಲ್ಲುಗಳನ್ನು ಕಡಿಯಬೇಕಿತ್ತು, ಬಿರುಕು ಬಿಟ್ಟ ಪಿಂಗಾಣಿ ಇನ್ಸುಲೇಟರುಗಳನ್ನು ಬದಲಿಸಬೇಕಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ನೆಟ್ಟಗೆ ಸಿಗುವುದು ರಸ್ತೆಯ ಒಂದೇ ಒಂದು ತಿರುವಿನಲ್ಲಿ, ಕಂಬದ ಮೇಲೆ ಸಿಕ್ಕಿದರೆ ಸಿಕ್ಕಿತು. ಕಂಬದಿಂದ ಬೊಬ್ಬೆ ಹಾಕಿದರೆ ಕೇಳುವಷ್ಟು ದೂರ, ಮುಖ ಕಾಣದಷ್ಟು ದೂರ. ಅದಕ್ಕಾಗಿ ಕಾಕ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು ತಿರುವಿನಲ್ಲಿ ನಿಲ್ಲಿಸುತ್ತಿದ್ದರು. ಎಲ್.ಸಿ. ಪಡೆಯಲು, ಮರಳಿಸಲು ಅವರೇ ನಡೆದು ಬರುತ್ತಿದ್ದರು.

ಒಂದು ದಿನ ಅವರ ಮೊಣಕಾಲು ಊದಿಕೊಂಡಿತ್ತು. ಇಳಿದು ಬಂದು ನನ್ನೆದುರು ನಿಂತು ಮುಗೀತು ಎಂದರು. ಆಮೇಲೆ ಮೋರಿಯ ಕಟ್ಟೆಯ ಮೇಲೆ ಕೂತರು.

"ಹೋಗು, ನೀನೇ ಹೇಳಿ ಬಾ. ನನ್ನ ಸ್ವರ ನನಗಿಂತ ಚಂದ ಬರ್ತದೆ ನಿನಗೆ."

ನಾನು ಹೋಗಿ ಹೇಳಿದೆ. ಆಪರೇಟರಿಗೆ ಸಂಶಯ ಬರಲಿಲ್ಲ. ಮೊಣಕಾಲಿನ ಬಾವು ಇಳಿದ ಮೇಲೂ ಇನ್ನೆರಡು ಸಲ ಹಾಗೆಯೇ ಆಯಿತು. ಪ್ರತಿ ಸಲವೂ ಕಾಕ ನಕ್ಕರು. ನನಗೂ ಅದೊಂದು ಪದಕ ಸಿಕ್ಕಿದ ಹಾಗೆ.

ಆ ವರ್ಷ ಈಸ್ಟರಿಗೆ ಮೊದಲಿನ ನಮ್ಮ ತಪಸ್ಸು ಕಾಲವೂ ಕಾಕನ ರಂಜಾನ್ ನೋಂಬೂ ಒಟ್ಟಿಗೆ ಬಿದ್ದಿದ್ದವು. ನಾನು ಕೋಳಿ ಬಿಟ್ಟು ಬಂಗುಡೆ ಮೀನು ತಿಂದು ತ್ಯಾಗ ಮಾಡುತ್ತಿದ್ದೆ. ಕಾಕ ಬೆಳಗಿನಿಂದ ನೀರು ಸಹ ಮುಟ್ಟದೆ ಕಂಬ ಹತ್ತುತ್ತಿದ್ದರು. "ನಿನ್ನದು ಎಂಥ ಉಪವಾಸ ಮಾರಾಯ, ಬಾಯಿಗೆ ರಜೆಯೇ ಇಲ್ಲ," ಎಂದು ನಾನು ಹೇಳಹೊರಟ ದಿನ ಬೆಳಿಗ್ಗೆಯೂ ಹೇಳಿದ್ದರು.

ಮಧ್ಯಾಹ್ನದ ಹೊತ್ತು. ಗೆಲ್ಲು ಕಡಿಯುವ ಇಬ್ಬರು ಕೆಳಗಿದ್ದರು, ಕಾಕ ಕಂಬದ ಮೇಲೆ ಕೊನೆಯ ಇನ್ಸುಲೇಟರ್ ಬಿಗಿಯುತ್ತಿದ್ದರು. ನಾನು ತಿರುವಿನಲ್ಲಿ. ಫೋನ್ ಬಂತು. ಆಪರೇಟರ್.

"ಇನ್ನೆಷ್ಟು ಹೊತ್ತು ಕಾಕ? ಫೋನಿನ ಮೇಲೆ ಫೋನ್ ಬರ್ತಾ ಉಂಟು ಇಲ್ಲಿ. ಮಕ್ಕಳಿಗೆ ಪರೀಕ್ಷೆಯಂತೆ."

"ಐದು ನಿಮಿಷ ಮಾರಾಯ," ಎಂದೆ ನಾನು, ಕಾಕನಾಗಿ. ಫೋನ್ ಇಟ್ಟು ಕಾಡಿನ ಕಡೆ ತಿರುಗಿ ತುಳುವಿನಲ್ಲಿ ಬೊಬ್ಬೆ ಹಾಕಿದೆ: ಆಪರೇಟರ್ ಅರ್ಜೆಂಟ್ ಮಾಡ್ತಿದ್ದಾನೆ, ಬೇಗ.

"ಆಂಡ್," ಎಂದು ಉತ್ತರ ಬಂತು.

ತುಳುವಿನ ಈ ಆಂಡ್ ಕನ್ನಡದ ಆಯ್ತಿನ ಹಾಗೆ ಎರಡು ಮುಖದ್ದು. ಸರಿ, ಕೇಳಿತು ಎಂದೂ ಆಗುತ್ತದೆ. ಕೆಲಸ ಮುಗಿಯಿತು ಎಂದೂ ಆಗುತ್ತದೆ. ಕಾಕ ಹೇಳಿದ್ದು ಮೊದಲನೆಯದು. ನಾನು ಕೇಳಿಸಿಕೊಂಡದ್ದು ಎರಡನೆಯದು. ಯಾಕೆ ಹಾಗೆ ಕೇಳಿಸಿತು ಎಂದು ಆಮೇಲೆ ತುಂಬ ಯೋಚಿಸಿದ್ದೇನೆ. ಕಾರಣ ದೊಡ್ಡದೇನಲ್ಲ. ನನಗೆ ಹಸಿವಾಗಿತ್ತು. ಕಕ್ಕಿಂಜೆಯ ಹೋಟೆಲಿನಲ್ಲಿ ಊಟ ಮುಗಿಯುವ ಮೊದಲು ಮುಟ್ಟಬೇಕಿತ್ತು. ನೋಂಬು ಹಿಡಿದವರು ಕಾಕ. ಹಸಿವು ತಡೆಯದೆ ಹೋದದ್ದು ನನಗೆ.

ಸ್ವಲ್ಪ ಹೊತ್ತು ಬಿಟ್ಟು ನಾನೇ ಫೋನ್ ಮಾಡಿದೆ.

"ಎಲ್.ಸಿ. ರಿಟರ್ನ್. ನಂಬರ್ ಹದಿನೇಳು."

"ಜನ ಎಲ್ಲ ಕೆಳಗುಂಟಾ ಕಾಕ?"

"ಎಲ್ಲ ಕೆಳಗುಂಟು."

"ನೀವೇ ನೋಡಿದ್ದೀರಲ್ಲ?"

"ನಾನೇ ಇಲ್ಲಿ ನಿಂತಿದ್ದೇನಲ್ಲ ಮಾರಾಯ. ಕಣ್ಣು ಹೋಗ್ಲಿಲ್ಲ ಇನ್ನೂ."

ಆಪರೇಟರ್ ನಕ್ಕ. "ಲೈನಲ್ಲೇ ಇರಿ, ಚಾರ್ಜ್ ಮಾಡ್ತೇನೆ."

ಕಾಡಿನೊಳಗಿಂದ ಸದ್ದು ಬಂತು. ಪಟಾಕಿಯದ್ದಲ್ಲ, ದಪ್ಪ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿದ ಹಾಗಿನದು. ನನ್ನ ಬಾಯಿಂದ ಒಂದೇ ಒಂದು ಶಬ್ದ ಹೊರಟಿತು. "ಜೆಜು." ಯೇಸುವನ್ನು ನಾವು ಕೊಂಕಣಿಯಲ್ಲಿ ಕರೆಯುವುದು ಹಾಗೆ. ಫೋನ್ ಕೈಯಲ್ಲಿಟ್ಟುಕೊಂಡೇ ಓಡಿದೆ.

ಕಾಕ ಒಂದು ರಾಡ್ ತೆಗೆದಾಗಿತ್ತು. ಇನ್ನೊಂದರ ಕೊಂಡಿ ಬಿಚ್ಚಲು ಕೈ ಚಾಚಿದ್ದರು. ಆ ರಾಡ್ ಇದ್ದುದರಿಂದಲೇ ಕರೆಂಟು ಕಣ್ಣು ಮಿಟುಕಿಸುವುದರೊಳಗೆ ನೆಲಕ್ಕೆ ಹೋಗಿ ಸಬ್‌ಸ್ಟೇಷನ್ನಿನಲ್ಲಿ ಲೈನ್ ಟ್ರಿಪ್ ಆಗಿ ತಾನಾಗಿ ಕಡಿಯಿತು, ಜೀವ ಉಳಿಯಿತು. ಆದರೆ ಕೊಂಡಿಯಲ್ಲಿ ಎದ್ದ ಬೆಂಕಿ ಬಲಗೈಯನ್ನು ಸುಟ್ಟಿತ್ತು. ಬೆಲ್ಟಿನಲ್ಲಿ ನೇತಾಡುತ್ತಿದ್ದರು. ಹಗ್ಗ ಕಟ್ಟಿ ಇಳಿಸಿದೆವು. ಜೀಪಿನಲ್ಲಿ ಬೆಳ್ತಂಗಡಿಗೆ, ಅಲ್ಲಿಂದ ಮಂಗಳೂರಿಗೆ. ದಾರಿಯಲ್ಲಿ ಒಮ್ಮೆ ಕಣ್ಣು ಬಿಟ್ಟು, "ಎಷ್ಟು ಜನ ಇದ್ದೀರಿ? ಎಣಿಸಿ," ಎಂದರು. ಎಣಿಸಿದೆ. ಎಲ್ಲರೂ ಇದ್ದೆವು. ಎರಡು ಬೆರಳು ಮಾತ್ರ ಉಳಿಯುವುದಿಲ್ಲ ಎಂದು ಮರುದಿನ ಡಾಕ್ಟರು ಹೇಳಿದರು.

ಮೂರನೆಯ ದಿನ ಜೆ.ಇ. ಸಾಹೇಬರು ನನ್ನನ್ನು ಕರೆದು ಬಾಗಿಲು ಹಾಕಿದರು. ಆಪರೇಟರ್ ಫೋನಿನಲ್ಲಿ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ. ಸಾಹೇಬರು ಕೇಳಿದ್ದರು.

"ಸ್ವರ ಅವರದ್ದೇ. ಫೋನ್ ನಂಬರೂ ಅವರದ್ದೇ. ಕಂಬದ ಮೇಲಿಂದಲೇ ಫೋನ್ ಮಾಡಿ ರಿಟರ್ನ್ ಕೊಟ್ಟಿದ್ದಾರೆ. ಅಷ್ಟೇ ಆದದ್ದು."

ನಾನು ಬಾಯಿ ತೆರೆದೆ.

"ನೀನು ಮಿಮಿಕ್ರಿ ಮಾಡುವುದು ನನಗೂ ಗೊತ್ತುಂಟು. ನನ್ನದೂ ಮಾಡ್ತೀಯಂತೆ, ಚಂದ ಉಂಟಂತೆ. ಅದನ್ನು ಈಗ ಯಾರೂ ಕೇಳ್ಲಿಲ್ಲ. ಗುತ್ತಿಗೆಯವನ ಕೈಯಲ್ಲಿ ಎಲ್.ಸಿ. ಫೋನ್ ಇತ್ತು ಅಂತ ಆದ್ರೆ ನಾನೂ ಹೋಗ್ತೇನೆ, ನೀನೂ ಹೋಗ್ತೀ. ಕಾಕನದ್ದು ಪರ್ಮನೆಂಟ್ ನೌಕರಿ, ಒಂದು ವಾರ್ನಿಂಗ್ ಆಗಬಹುದು. ನೀನು ಪವರ್‌ಮನ್ ಹುದ್ದೆಗೆ ಅರ್ಜಿ ಹಾಕಿದ್ದೀ. ಬರುವ ತಿಂಗಳು ಕಂಬ ಹತ್ತುವ ಪರೀಕ್ಷೆ ಉಂಟು. ಯೋಚನೆ ಮಾಡು."

ಕಾಗದ ಮೊದಲೇ ತಯಾರಾಗಿತ್ತು. ಸದರಿ ಲೈನ್‌ಮನ್ ಉಪವಾಸದಲ್ಲಿದ್ದು, ಆಯಾಸದಿಂದ ತೂಕಡಿಸುತ್ತಿದ್ದರು. ಮಂಪರಿನಲ್ಲಿ ಕಂಬದ ಮೇಲಿಂದಲೇ ಎಲ್.ಸಿ. ಹಿಂದಿರುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಹೆಸರು, ಅದರ ಮುಂದೆ ಒಂದು ಖಾಲಿ ಗೆರೆ. ಯೋಚನೆ ಮಾಡಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ ಎಂದು ಇಲ್ಲಿ ಬರೆಯಲೇಬೇಕು. ಸಹಿ ಹಾಕಿದೆ. ಹೊರಗೆ ಯಾವ ಕೋಳಿಯೂ ಕೂಗಲಿಲ್ಲ. ಕೂಗಬೇಕಾದ ಕೋಳಿ ಒಳಗೆ ಕೂತು ಪೆನ್ನಿನ ಮುಚ್ಚಳ ಹಾಕುತ್ತಿತ್ತು.

ಹನ್ನೆರಡು ದಿನದ ನಂತರ ಕಾಕ ಮನೆಗೆ ಬಂದರು. ನೋಡಲು ಹೋದೆ. ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು, ಬಲಗೈ ಬಟ್ಟೆಯ ಗಂಟು. ಮದ್ದು ಉಂಟು, ಈ ಸಲ ನೋಂಬು ಹಿಡಿಯಬಾರದು ಎಂದು ಡಾಕ್ಟರು ಹೇಳಿದ್ದಾರೆ ಎಂದರು. ಬರುವ ಬುಧವಾರ ಬಿ.ಸಿ.ರೋಡಿನಲ್ಲಿ ವಿಚಾರಣೆ.

"ಫೋನ್ ನಿನ್ನ ಹತ್ರ ಇತ್ತು ಅಂತ ನಾನು ಯಾರಿಗೂ ಹೇಳ್ಲಿಲ್ಲ. ಕೊಟ್ಟವ ನಾನು. ಮೂರು ಸಲ ನಗಾಡಿದವನೂ ನಾನು. ಬೆರಳಿಗೂ ಬೇಜಾರಿಲ್ಲ. ಆದ್ರೆ ನೋಂಬನ್ನು ಯಾಕೆ ಎಳೆದ್ರು? ಇಷ್ಟು ವರ್ಷ ನೋಂಬು ಹಿಡಿದೇ ಕಂಬ ಹತ್ತಿದ್ದೇನೆ. ಒಂದು ದಿನ ಕಾಲು ಜಾರ್ಲಿಲ್ಲ. ಈಗ ಯಾರೋ ಸಾಕ್ಷಿ ಹಾಕಿದ್ದಾನಂತೆ, ನಾನು ತೂಕಡಿಸ್ತಿದ್ದೆ ಅಂತ. ನಾಳೆ ಎಲ್ಲ ಕಡೆ ಅದನ್ನೇ ಹೇಳ್ತಾರೆ, ನೋಂಬಿನವರನ್ನು ಕಂಬಕ್ಕೆ ಹತ್ತಿಸ್ಬೇಡಿ ಅಂತ. ಯಾರಿರಬಹುದು ಮಾರಾಯ ಅವ?"

"ಅದನ್ನು ವಿಚಾರಿಸಿ ನೋಡಬೇಕಷ್ಟೆ," ಎಂದೆ.

ಹೇಳಿದ ಮೇಲೆ ಗೊತ್ತಾಯಿತು: ಅದು ಜೆ.ಇ. ಸಾಹೇಬರ ಸ್ವರ. ನಾನು ಮಾಡಿದ್ದಲ್ಲ, ತಾನಾಗಿ ಬಂದದ್ದು. ಕಾಕ ನನ್ನನ್ನು ಒಂದು ಕ್ಷಣ ನೋಡಿದರು. "ಸಾಹೇಬರದ್ದು ಚಂದ ಬರ್ತದೆ ನಿನಗೆ," ಎಂದರು.

ಆ ಶನಿವಾರ ಸಂಜೆ ಚರ್ಚಿನಲ್ಲಿ ಕುಮ್ಸಾರ್ ಇತ್ತು, ಪಾಪನಿವೇದನೆ. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮೊದಲು ಊರಿಗೆ ಊರೇ ಸಾಲು ನಿಲ್ಲುತ್ತದೆ. ನನಗೊಂದು ಹಳೆಯ ಅಭ್ಯಾಸ. ಜಾಲರಿಯ ಆಚೆ ಕೂತ ಫಾದರಿಗೆ ಯಾರೆಂದು ತಿಳಿಯಬಾರದೆಂದು ನಾನು ಬೇರೆಯವರ ಸ್ವರದಲ್ಲಿ ಪಾಪ ಹೇಳುತ್ತಿದ್ದೆ. ಪಾಪ ನನ್ನದೇ, ಸ್ವರ ಮಾತ್ರ ಸಾಲ. ಅಂದು ಗುರ್ಕಾರರ ಸ್ವರದಲ್ಲಿ ಎರಡು ಸಲ ಕೆಮ್ಮಿ ಸುರು ಮಾಡಿದೆ.

"ಗುರ್ಕಾರರಿಗೆ ಅಷ್ಟು ಕೆಮ್ಮು ಇಲ್ಲ," ಎಂದರು ಫಾದರ್ ಕೊಂಕಣಿಯಲ್ಲಿ. "ಪರದೆಯ ಕೆಳಗೆ ಚಪ್ಪಲಿ ಕಾಣ್ತದೆ, ನೀಲಿ ಪಟ್ಟಿಯದ್ದು. ಹೋದ ವರ್ಷ ಅದೇ ಚಪ್ಪಲಿ ಬೇರೊಬ್ಬ ಅಜ್ಜನ ಸ್ವರದಲ್ಲಿ ಬಂದಿತ್ತು. ಚಪ್ಪಲಿಯಾದರೂ ಬದಲಿಸು ಮಾರಾಯ."

ನಗು ಬರಲಿಲ್ಲ. ಎಲ್ಲ ಹೇಳಿದೆ. ಹದಿನೇಳು ನಂಬರ್, ಹಸಿವು, ಬೆರಳು, ಕಾಗದ, ಖಾಲಿ ಗೆರೆ. ಹೇಳುವಾಗ ಸ್ವರ ಎಲ್ಲೆಲ್ಲಿಗೋ ಜಾರುತ್ತಿತ್ತು. ಮುಗಿದ ಮೇಲೆ ಫಾದರ್ ಜಾಲರಿಯ ಹತ್ತಿರಕ್ಕೆ ಬಾಗಿದರು.

"ಸದ್ದಾದಾಗ ಎಂಥ ಹೇಳಿದೆ?"

"ಜೆಜು ಅಂದೆ."

"ಯಾರ ಸ್ವರದಲ್ಲಿ?"

"ನನ್ನದೇ ಇರಬೇಕು ಫಾದರ್."

"ಹಾಗಾದರೆ ನಿನಗೂ ಒಂದು ಉಂಟು. ಪ್ರಾರ್ಥನೆ ಅಂದರೆ ಅದೇ. ಉಳಿದದ್ದನ್ನು ಅಲ್ಲಿಂದ ಸುರು ಮಾಡು. ಪಾಪಕ್ಷಮೆ ಕೊಡ್ತೇನೆ. ಆದರೆ ಸಹಿ ಹಾಕಿದ ಕಾಗದ ನನ್ನ ಹತ್ರ ಇಲ್ಲ. ಅದನ್ನು ನೀನೇ ಹೋಗಿ ಹಿಂದೆ ತಗೊಳ್ಬೇಕು."

"ಅಷ್ಟು ಧೈರ್ಯ ಇಲ್ಲ ಫಾದರ್."

"ಇಲ್ಲದ್ದನ್ನೇ ಅಲ್ವಾ ಕೇಳುವುದು? ಇರುವುದನ್ನು ಯಾಕೆ ಕೇಳ್ತೀ?"

ಪ್ರಾಯಶ್ಚಿತ್ತವಾಗಿ ಕೊಟ್ಟದ್ದು ಎರಡು. ಪಾಸ್ಕ ಹಬ್ಬದ ವರೆಗೆ ಬೇರೆ ಯಾರ ಸ್ವರವನ್ನೂ ಮುಟ್ಟಬಾರದು. ದಿನಾ ಕರ್ತರ ಪ್ರಾರ್ಥನೆಯನ್ನು ಸ್ವಂತ ಸ್ವರದಲ್ಲಿ, ಗಟ್ಟಿಯಾಗಿ ಹೇಳಬೇಕು. ಬಾಯಿಗೆ ರಜೆ. ಕಾಕ ಕೇಳಿದ ಉಪವಾಸವೇ.

ಸುಲಭ ಎಂದುಕೊಂಡೆ. ಮನೆಗೆ ಬಂದು ಮೊಣಕಾಲೂರಿದೆ. ಮೊದಲ ಸಾಲು ಫಾದರ್ ಪೂಜೆಯಲ್ಲಿ ಎಳೆಯುವ ರಾಗದಲ್ಲಿ ಬಂತು. ನಿಲ್ಲಿಸಿದೆ. ಮತ್ತೆ ಹೇಳಿದರೆ ಗುರ್ಕಾರರು. ಮತ್ತೆ ಹೇಳಿದರೆ ನನ್ನ ಅಮ್ಮ, ಸಾಲಿನ ಕೊನೆಯಲ್ಲಿ ಉಸಿರು ಬಿಡುವುದರ ಸಮೇತ. ಇಪ್ಪತ್ತಾರು ವರ್ಷ ನಾನು ದೇವರಿಗೆ ಬರೀ ಮಿಮಿಕ್ರಿ ಕೇಳಿಸಿದ್ದೆ. ಅವನು ಸಹನೆಯಿಂದ ಕೇಳಿದ್ದಾನೆ, ಒಮ್ಮೆಯೂ ಎದ್ದು ಹೋಗಿಲ್ಲ; ಅದು ನನ್ನ ಯಾವ ಪ್ರೇಕ್ಷಕರೂ ಮಾಡದ ಉಪಕಾರ.

ಸೋಮವಾರ ಒಂದು ಸ್ವರ ಸಿಕ್ಕಿತು. ಸಣ್ಣದು, ಒಡಕಿನದ್ದು, ಸ್ವಲ್ಪ ಹೆದರಿದ್ದು. ಮಿಮಿಕ್ರಿ ಮಾಡಲು ಅದರಲ್ಲಿ ಏನೂ ಇಲ್ಲ. ಅಡುಗೆಮನೆಯಿಂದ ಅಮ್ಮ ಇಣುಕಿದಳು. ಅಮ್ಮನನ್ನು ನಾವು ಮಾಂಯ್ ಎನ್ನುತ್ತೇವೆ.

"ಇದು ಯಾರದ್ದು? ಗೊತ್ತಾಗ್ಲಿಲ್ಲ ನನಗೆ."

"ನನ್ನದು ಮಾಂಯ್."

"ಹೌದಾ," ಎಂದಳು. ಸೌಟು ಒರೆಸುತ್ತ, "ಸಪ್ಪೆ ಉಂಟು. ಇರಲಿ, ಹೇಳು."

ಆ ಸ್ವರದಲ್ಲಿ ಹೇಳುವಾಗ, ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬುದನ್ನು ಎರಡು ಸಲ ಹೇಳಿದೆ. ಅಲ್ಲಿಯವರೆಗೆ ಆ ಸಾಲು ನನಗೆ ಎಂದೂ ತಾಗಿರಲಿಲ್ಲ, ಬೇರೆಯವರೇ ಹೇಳುತ್ತಿದ್ದರಲ್ಲ. ಪ್ರಾರ್ಥನೆಯಿಂದ ಮನಸ್ಸು ತಂಪಾಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು ಸಾಕ್ಷಿ. ಭಯ ಹೋಗಲಿಲ್ಲ. ಭಯ ಕೂತಲ್ಲೇ ಕೂತಿತ್ತು. ಅದರ ಪಕ್ಕದಲ್ಲಿ ಒಂದು ಹಟ ಬಂದು ಕೂತಿತು. ಕೆಲಸ ಹೋಗುತ್ತದೆ, ಹೋಗಲಿ. ಕಂಬ ಹತ್ತುವ ಪರೀಕ್ಷೆ ಹೋಗುತ್ತದೆ, ಹೋಗಲಿ. ಕಾಕನ ನೋಂಬಿನ ಮೇಲೆ ನನ್ನ ಹಸಿವನ್ನು ಹೇರಿ ನಾನು ಕಂಬ ಹತ್ತುವುದಿಲ್ಲ.

ಬುಧವಾರ ಮೂಡುಬಿದಿರೆಯಿಂದ ಬಸ್ಸು ಹಿಡಿದೆ. ಬಿ.ಸಿ.ರೋಡಿನಲ್ಲಿ ಇಳಿಯುವಾಗ ಕಂಡಕ್ಟರ್ ತನ್ನ ರಾಗದಲ್ಲಿ ಊರುಗಳ ಹೆಸರು ಕೂಗುತ್ತಿದ್ದ. ನನ್ನ ನಾಲಿಗೆ ತುರಿಸಿತು. ತುಟಿ ಕಚ್ಚಿ ಇಳಿದೆ.

ವಿಚಾರಣೆಯ ಕೋಣೆಯ ಹೊರಗೆ ಜೆ.ಇ. ಸಾಹೇಬರು ನಿಂತಿದ್ದರು. ನನ್ನ ಮುಖದಲ್ಲಿ ಏನೋ ಕಂಡಿರಬೇಕು.

"ಸರ್, ನಾನು ಹೇಳಿಕೆ ಹಿಂದೆ ತಗೊಳ್ತೇನೆ," ಎಂದೆ.

"ಮಂಡೆ ಸಮ ಇಲ್ವಾ ನಿನಗೆ? ಯಾರು ತುಂಬಿಸಿದ್ದು ಇದನ್ನು?"

"ಯಾರೂ ಅಲ್ಲ ಸರ್. ಕುಮ್ಸಾರಿಗೆ ಹೋಗಿದ್ದೆ."

"ಹಾಗಾದ್ರೆ ದೇವರಿಗೆ ಹೇಳಿ ಆಯ್ತಲ್ಲ. ಇಲ್ಲಿ ಪುನಃ ಯಾಕೆ?"

"ದೇವರ ಕಾಗದಕ್ಕೆ ನಾನು ಸಹಿ ಹಾಕ್ಲಿಲ್ಲ ಸರ್. ನಿಮ್ಮದಕ್ಕೆ ಹಾಕಿದ್ದು."

ಒಳಗೆ ಹೊರಗಿನ ಜಿಲ್ಲೆಯಿಂದ ಬಂದ ಮೇಡಂ ಒಬ್ಬರು ಕೂತಿದ್ದರು, ವಿಚಾರಣಾಧಿಕಾರಿ. ಒಂದು ಬದಿಗೆ ಆಪರೇಟರ್. ಇನ್ನೊಂದು ಬದಿಗೆ ಕಾಕ, ಕಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಮೇಡಂ ನನ್ನ ಹೇಳಿಕೆಯನ್ನು ಓದಿ, "ಇದು ನಿಮ್ಮದೇ ಸಹಿಯಲ್ಲವೆ?" ಎಂದರು.

"ಸಹಿ ನನ್ನದು ಮೇಡಂ, ಮಾತು ಸುಳ್ಳು. ಎಲ್.ಸಿ. ರಿಟರ್ನ್ ಕೊಟ್ಟದ್ದು ನಾನು. ಕಾಕನ ಸ್ವರದಲ್ಲಿ."

ಕಾಕ ತಲೆಯೆತ್ತಲಿಲ್ಲ. ಜೆ.ಇ. ಸಾಹೇಬರು ಮೆಲ್ಲಗೆ ನಕ್ಕರು. "ಒಟ್ಟಿಗೆ ಕೆಲಸ ಮಾಡಿದವರು ಮೇಡಂ. ಮುದುಕರ ಮೇಲೆ ಕನಿಕರ. ರೆಕಾರ್ಡಿಂಗ್ ಉಂಟಲ್ಲ, ಕೇಳಿದ್ರೆ ಆಯ್ತು."

ಹಾಕಿದರು. ಎಲ್.ಸಿ. ರಿಟರ್ನ್, ನಂಬರ್ ಹದಿನೇಳು. ಎಲ್ಲ ಕೆಳಗುಂಟು. ಕಣ್ಣು ಹೋಗ್ಲಿಲ್ಲ ಇನ್ನೂ. ಆಪರೇಟರ್ ನಗು. ಅಲ್ಲಿಗೆ ನಿಲ್ಲಿಸಿದರು, ಬೇಕಾದದ್ದು ಅಷ್ಟೇ ಎಂದು ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಿದ್ದರು. ನನ್ನ ಜೀವಮಾನದ ಅತ್ಯುತ್ತಮ ಮಿಮಿಕ್ರಿ ಅದು. ಒಂದು ಅಕ್ಷರ ಆಚೀಚೆ ಇಲ್ಲ.

"ಇದು ಅವರ ಸ್ವರವೇ," ಎಂದರು ಮೇಡಂ. "ನೀವು ಮಾಡಿದ್ದಾದರೆ ಈಗ ಮಾಡಿ ತೋರಿಸಿ."

ಕೋಣೆಯಲ್ಲಿದ್ದ ಎಲ್ಲರೂ ನನ್ನ ಬಾಯಿಯನ್ನು ನೋಡಿದರು. ಇಷ್ಟು ಗಮನದ ಸಭೆ ನನಗೆ ಎಂದೂ ಸಿಕ್ಕಿರಲಿಲ್ಲ. ಒಂದು 'ಮಾರಾಯ' ಎಂದರೆ ಸಾಕಿತ್ತು.

"ಮಾಡುವುದಿಲ್ಲ ಮೇಡಂ."

"ಬರುವುದಿಲ್ಲವೆ?"

"ಬರ್ತದೆ. ಪಾಸ್ಕ ಹಬ್ಬದ ವರೆಗೆ ಯಾರ ಸ್ವರವನ್ನೂ ಮಾಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ."

"ನೋಡಿ," ಎಂದು ಜೆ.ಇ. ಸಾಹೇಬರು ಕೈ ಚೆಲ್ಲಿದರು.

ಪ್ರಾಯಶ್ಚಿತ್ತ ಮುರಿದರೆ ಸತ್ಯ ಉಳಿಯುತ್ತದೆ, ಪ್ರಾಯಶ್ಚಿತ್ತ ಉಳಿಸಿದರೆ ಕಾಕ ಮುಳುಗುತ್ತಾರೆ. ಇದೆಂಥ ಕುಶಾಲು ಎಂದು ಮೇಲಿನವನಿಗೆ ಒಳಗೊಳಗೇ ಗದರಿದೆ. ಗದರಿದ್ದೂ ಪ್ರಾರ್ಥನೆಯೇ ಇರಬೇಕು. ಯಾಕೆಂದರೆ ಆಗಲೇ ಫಾದರ್ ಕೇಳಿದ ಪ್ರಶ್ನೆ ನೆನಪಾಯಿತು. ಯಾರ ಸ್ವರದಲ್ಲಿ?

"ಮೇಡಂ, ಅದನ್ನು ಕೊನೆಯ ವರೆಗೆ ಹಾಕಿ. ಫೋನ್ ಕಟ್ ಆಗಿರ್ಲಿಲ್ಲ."

ಆಪರೇಟರ್ ಚುರುಕಾದ. "ಹೌದು ಮೇಡಂ, ಲೈನಲ್ಲೇ ಇರಿ ಅಂತ ಹೇಳಿದ್ದೆ. ಟ್ರಿಪ್ ಆದ ಕೂಡ್ಲೆ ನಾನು ಫೋನ್ ಮೇಜಿನ ಮೇಲೆ ಬಿಟ್ಟು ಓಡಿದ್ದು."

ಮೇಡಂ ಮುಂದಕ್ಕೆ ಬಿಟ್ಟರು. ಚಾರ್ಜ್ ಮಾಡ್ತೇನೆ. ಸ್ವಲ್ಪ ಹೊತ್ತು ಏನಿಲ್ಲ, ಯಾವುದೋ ಹಕ್ಕಿ. ಆಮೇಲೆ ದೂರದಲ್ಲಿ, ತುಂಬ ದೂರದಲ್ಲಿ, ಬಟ್ಟೆ ಹರಿದ ಹಾಗೆ ಒಂದು ಸದ್ದು. ಅದರ ಹಿಂದೆಯೇ ತೀರ ಹತ್ತಿರದಿಂದ, ಸಣ್ಣದಾದ ಒಡಕು ಸ್ವರದಲ್ಲಿ: ಜೆಜು. ಆಮೇಲೆ ಚಪ್ಪಲಿ ಬಡಿಯುತ್ತ ಓಡುವ ಸದ್ದು.

ಮೇಡಂ ಅದನ್ನು ಮತ್ತೊಮ್ಮೆ ಹಾಕಿದರು. ಆಮೇಲೆ ಕಾಕನ ಕಡೆ ತಿರುಗಿದರು.

"ಇದು ನೀವಾ?"

"ಸ್ವರ ಹೊರಟಿದ್ರೆ ನಾನು ಯಾ ಅಲ್ಲಾಹ್ ಅನ್ನುತ್ತಿದ್ದೆ ಮೇಡಂ," ಎಂದರು ಕಾಕ. "ಮತ್ತೆ ಬೆಲ್ಟಲ್ಲಿ ನೇತಾಡುವವ ಓಡುವುದು ಹೇಗೆ?"

"ಇದು ನಾನು," ಎಂದೆ. ಹೇಳುವ ಅಗತ್ಯವಿರಲಿಲ್ಲ. ಅದೇ ಸಣ್ಣ, ಒಡಕು ಸ್ವರ. ಎಲ್ಲರೂ ಎರಡನ್ನೂ ಒಟ್ಟಿಗೆ ಕೇಳಿದರು.

ಮೇಡಂ ಬರೆಯತೊಡಗಿದರು. ನಾನು ಅಲ್ಲಿಗೆ ಬಿಡಲಿಲ್ಲ. "ಇನ್ನೊಂದು ಉಂಟು ಮೇಡಂ. ಅವರು ತೂಕಡಿಸ್ತಿರ್ಲಿಲ್ಲ. ನೋಂಬಿಗೂ ಇದಕ್ಕೂ ಸಂಬಂಧ ಇಲ್ಲ. ಹಸಿವಾದದ್ದು ನನಗೆ. ಊಟಕ್ಕೆ ಅರ್ಜೆಂಟ್ ಮಾಡಿ ರಿಟರ್ನ್ ಕೊಟ್ಟದ್ದು. ಅದನ್ನೂ ಬರೀರಿ."

"ಬರೀತೇನೆ."

"ಬರೆದು ಒಮ್ಮೆ ಓದಿ ಹೇಳಿ ಮೇಡಂ. ಬೇರೆಯವರ ಮಾತಿಗೆ ಸಹಿ ಹಾಕುವ ಅಭ್ಯಾಸ ಬಿಟ್ಟಿದ್ದೇನೆ."

ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಗಟ್ಟಿಯಾಗಿ ಓದಿದರು, ನೋಂಬಿನ ಸಾಲನ್ನು ಹೊಡೆದು ಹಾಕಿದ್ದನ್ನೂ ಸೇರಿಸಿ. ಫೋನ್ ಕೊಟ್ಟದ್ದು ತಾನೆಂದು ಕಾಕ ಎದ್ದು ನಿಂತು ಹೇಳಿದರು, ಅದೂ ಸೇರಿತು. ಸಹಿ ಹಾಕಿದೆ.

ಆಮೇಲಿನದ್ದು ಸಣ್ಣ ಕಥೆ. ಜೆ.ಇ. ಸಾಹೇಬರಿಗೆ ನೋಟಿಸು ಬಂತು. ಕಾಕನಿಗೆ ಎಚ್ಚರಿಕೆಯ ಪತ್ರ. ನನ್ನನ್ನು ಗ್ಯಾಂಗಿನಿಂದ ತೆಗೆದರು, ಪೊಲೀಸರಿಗೂ ಅದೇ ಹೇಳಿಕೆ ಕೊಟ್ಟೆ, ಆ ಕೇಸು ಇನ್ನೂ ನಡೆಯುತ್ತಿದೆ. ಕಂಬ ಹತ್ತುವ ಪರೀಕ್ಷೆಯ ದಿನ ನಾನು ಮನೆಯಲ್ಲಿ ತೆಂಗಿನ ಮರ ಹತ್ತಿ ಕೂತಿದ್ದೆ, ಹತ್ತಲು ಬರುತ್ತದೆ ಎಂದು ನನಗಾದರೂ ಗೊತ್ತಿರಲಿ ಎಂದು. ಊರಿನಲ್ಲಿ ಈಗ ನನ್ನನ್ನು ಕುಮ್ಸಾರ್ ಲೈನ್‌ಮನ್ ಎಂದು ಕರೆಯುತ್ತಾರೆ. ಕರೆಯಲಿ. ಸಾಧುವಾಗಿದ್ದೇನೆ ಎಂದು ಯಾರೂ ತಿಳಿಯಬೇಡಿ. ಪಾಸ್ಕ ಹಬ್ಬದ ಪೂಜೆ ಮುಗಿದು ಮೆಟ್ಟಿಲು ಇಳಿಯುವಷ್ಟರಲ್ಲಿ ಗುರ್ಕಾರರ ಹಾಗೆ ಕೆಮ್ಮಿಯಾಗಿತ್ತು, ಅದೂ ಅವರ ಎದುರೇ.

ಆದರೆ ವಿಚಾರಣೆಯ ದಿನ ಕಾಕ ನನ್ನೊಡನೆ ಒಂದು ಮಾತೂ ಆಡದೆ ಆಟೋ ಹತ್ತಿ ಹೋಗಿದ್ದರು. ಅದೊಂದು ಮುಳ್ಳು ಉಳಿದಿತ್ತು. ಅವರ ಹಬ್ಬವೂ ನಮ್ಮ ಹಬ್ಬವೂ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಕಾಕ ಜಗಲಿಯ ಮೇಲೆ ಕುರ್ಚಿಯಲ್ಲಿದ್ದರು. ನಾನು ಮೆಟ್ಟಿಲು ಹತ್ತದೆ ಅಂಗಳದಲ್ಲೇ ನಿಂತೆ.

"ಸಾಕ್ಷಿ ಹಾಕಿದ್ದು ನಾನು ಕಾಕ. ಅವತ್ತು ಕೇಳಿದಾಗ ಹೇಳ್ಲಿಲ್ಲ."

"ಗೊತ್ತುಂಟು."

"ವಿಚಾರಣೆಯಲ್ಲಿ ಗೊತ್ತಾಯ್ತಲ್ಲ."

"ಅದಕ್ಕಿಂತ ಮೊದಲೇ. ನೀನು ಸಾಹೇಬರ ಸ್ವರದಲ್ಲಿ ಉತ್ತರ ಕೊಟ್ಟಿಯಲ್ಲ, ಇದೇ ಜಗಲಿಯಲ್ಲಿ. ಆಗಲೇ."

ಗಾಯ ಮಾಗಿತ್ತು, ಬಲಗೈಯಲ್ಲಿ ಬೆರಳು ಮೂರು. ಕಾಕ ಆ ಕೈಯನ್ನು ಮಡಿಲಿಗೆ ಎಳೆದುಕೊಂಡು, "ಈಗ ನಿಮ್ಮ ಹಬ್ಬ ಮುಗೀತಲ್ಲ. ನನ್ನ ಸ್ವರ ಒಮ್ಮೆ ಮಾಡಿ ತೋರಿಸು ನೋಡುವ," ಎಂದರು.

"ಇಲ್ಲ ಕಾಕ."

"ಬರುವುದಿಲ್ಲವಾ, ಮಾಡುವುದಿಲ್ಲವಾ?"

"ನಿಮ್ಮದು ಮಾತ್ರ ಇನ್ನು ಮಾಡುವುದಿಲ್ಲ. ತಪ್ಪಾಯ್ತು ಕಾಕ. ನನ್ನದೇ ಸ್ವರದಲ್ಲಿ ಹೇಳ್ತಿದ್ದೇನೆ."

ಕಾಕ ರಸ್ತೆಯ ಕಡೆ ನೋಡಿದರು. "ಆಂಡ್," ಎಂದರು.

ಈ ಸಲ ಬಿಡಲಿಲ್ಲ, ಕೇಳಿಯೇ ಬಿಟ್ಟೆ. "ಯಾವ ಆಂಡ್ ಕಾಕ? ಕೇಳಿತು ಅಂತಲೋ, ಮುಗೀತು ಅಂತಲೋ?"

ಕಾಕ ನನ್ನನ್ನು ನೋಡಿದರು. ಕುರ್ಚಿಯ ಕೈ ಹಿಡಿದು ಎದ್ದರು. ಎಡಗೈಯಲ್ಲಿ ಗೋಡೆ ಹಿಡಿದುಕೊಂಡು, ಮತ್ತೆ ಊದಿದ್ದ ಮೊಣಕಾಲನ್ನು ನಿಧಾನಕ್ಕೆ ಮಡಚುತ್ತ ಮೂರು ಮೆಟ್ಟಿಲು ಇಳಿದರು. ಅಂಗಳ ದಾಟಿ ಬಂದು ನನ್ನೆದುರು ನಿಂತರು.

"ಎಷ್ಟು ಜನ?"

"ಇಬ್ಬರು ಕಾಕ."

"ಇಬ್ಬರೂ ಕೆಳಗುಂಟಾ?"

"ಉಂಟು."

ನನ್ನ ಮುಖವನ್ನು ನೋಡಿದರು, ಸಾಕಷ್ಟು ಹೊತ್ತು.

"ಮುಗೀತು," ಎಂದರು.